ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪರರ ದಡ್ಡತನವನ್ನು ಕಂಡು ನಗುವುದಕ್ಕೆ ನಾವು ಅದನ್ನು ಬಳಸುತ್ತೇವೆ. ಆದರೆ ಆ ಗಾದೆಯೊಳಗಿನ ಎಮ್ಮೆಯ ಪಾಡೇನು ಎಂದು ಯೋಚಿಸಿದವರು ಕಡಿಮೆ. ಜ್ವರವಿಲ್ಲದ ಪ್ರಾಣಿಗೆ ಬರೆ ಬಿತ್ತು. ಇತ್ತ ಎತ್ತಿನ ಜ್ವರ ಹಾಗೆಯೇ ಉಳಿಯಿತು. ಕಾರಣವನ್ನರಿಯದೆ ಮಾಡುವ ಚಿಕಿತ್ಸೆಯಲ್ಲಿ ಈ ಎರಡೂ ಅನ್ಯಾಯಗಳು ಒಟ್ಟಿಗೇ ನಡೆದುಹೋಗುತ್ತವೆ.

ಈ ಮಾತನ್ನು ವಿವರಿಸಲು ನಾನು ಇಂದು ಆರಿಸಿಕೊಂಡಿರುವ ವಿಷಯ ನನ್ನ ಎಂದಿನ ಓದುಗರಿಗೆ ಸ್ವಲ್ಪ ವಿಚಿತ್ರವೆನಿಸೀತು. ಬ್ರೇಕಿನ ಕೆಲಸ ಮಾಡಿಸಿದ ಮೇಲೆ ಹೆದ್ದಾರಿಯ ವೇಗದಲ್ಲಿ ಕಾರು ನಡುಗತೊಡಗಿದರೆ ಅದರ ಕಾರಣವನ್ನು ಹುಡುಕುವುದು ಹೇಗೆ ಎಂಬುದೇ ಆ ವಿಷಯ. ನಿವೃತ್ತ ಮೇಷ್ಟ್ರಿಗೆ ಗ್ಯಾರೇಜಿನ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿದವನು ನಾನು. ಕಂಪನ, ಆವರ್ತಾಂಕ, ಅನುರಣನೆ ಎಂಬ ಪದಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಪದಗಳು ಉತ್ತರಪತ್ರಿಕೆಯಿಂದ ಹೊರಬಂದು ಮನುಷ್ಯರ ಜೀವಕ್ಕೂ ಜೇಬಿಗೂ ಸಂಬಂಧಿಸುವ ಜಾಗಗಳಲ್ಲಿ ಗ್ಯಾರೇಜೂ ಒಂದು.

ಮೊದಲು ಪ್ರಸಂಗವನ್ನು ಹೇಳಿಬಿಡುತ್ತೇನೆ. ನನ್ನ ಸೋದರಳಿಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ಕಳೆದ ವರ್ಷ ಅವನ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳು ಸವೆದು ಕಿರ್ರೆನ್ನತೊಡಗಿದ್ದರಿಂದ ಮನೆಯ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಹೊಸ ಪ್ಯಾಡುಗಳನ್ನು ಹಾಕಿಸಿದ. ಊರೊಳಗಿನ ಓಡಾಟದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಮರುವಾರ ದಾವಣಗೆರೆಗೆಂದು ಹೊರಟು ತುಮಕೂರು ದಾಟಿ ವೇಗ ಗಂಟೆಗೆ 85 ಕಿಲೋಮೀಟರ್ ಮುಟ್ಟುತ್ತಿದ್ದಂತೆ ಸ್ಟೇರಿಂಗ್ ಕೈಯಲ್ಲಿ ನಡುಗತೊಡಗಿತು. ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು. ಉಳಿದ ದಾರಿಯನ್ನೆಲ್ಲ ಎಪ್ಪತ್ತರ ಮೇಲೆ ಹೋಗದೆ ಕ್ರಮಿಸಿದ. ಬೆಂಗಳೂರಿಗೆ ಮರಳಿದವನೇ ವರ್ಕ್‌ಶಾಪಿಗೆ ಹೋಗಿ ಜಗಳಕ್ಕೆ ನಿಂತ. "ನೀವು ಬ್ರೇಕ್ ಮುಟ್ಟೋಕೆ ಮುಂಚೆ ಗಾಡಿ ಚೆನ್ನಾಗಿತ್ತು, ಮುಟ್ಟಿದ ಮೇಲೆ ಹೀಗಾಯ್ತು" ಎಂಬುದು ಅವನ ವಾದ. ಅವರು ಹೆಚ್ಚು ಮಾತಾಡದೆ ಮುಂದಿನ ಎರಡೂ ಡಿಸ್ಕುಗಳನ್ನು ಬದಲಾಯಿಸಿದರು. ಅರ್ಧ ಹಣವನ್ನು ಅಳಿಯ ಕೊಡಬೇಕೆಂದೂ, ಇನ್ನರ್ಧವನ್ನು ಪ್ಯಾಡ್ ಹಾಕಿದ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವುದೆಂದೂ ತೀರ್ಮಾನವಾಯಿತು. ನಡುಕ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಎರಡನೆಯ ಸಲ ಹೋದಾಗ ಲೋಯರ್ ಆರ್ಮಿನ ಬುಷ್‌ಗಳನ್ನು ಹೊಸದು ಹಾಕಿದರೆ ಸರಿಹೋಗಬಹುದು ಎಂದರಂತೆ. 'ಹೋಗಬಹುದು' ಎಂಬ ಆ ಮಾತಿನ ಬೆಲೆ ಸಾವಿರಾರು ರೂಪಾಯಿ.

ಅಳಿಯನ ವಾದದಲ್ಲಿ ಹುರುಳೇ ಇಲ್ಲವೆನ್ನಲಾಗದು. ಒಂದು ಕೆಲಸದ ಬೆನ್ನಿಗೇ ಒಂದು ದೋಷ ತಲೆದೋರಿದರೆ ಆ ಕೆಲಸದ ಮೇಲೆ ಸಂದೇಹ ಬರುವುದು ಸಹಜ. ಆದರೆ ನಮ್ಮ ಹಿಂದಿನ ತಾರ್ಕಿಕರು ಇಂಥ ಸಂದೇಹದ ಬಗ್ಗೆ ಎಚ್ಚರಿಸುವುದಕ್ಕೆಂದೇ ಕಾಕತಾಳೀಯ ನ್ಯಾಯವೆಂಬ ಮಾತನ್ನು ಬಳಕೆಗೆ ತಂದರು. ಕಾಗೆ ಬಂದು ಕುಳಿತ ಗಳಿಗೆಯಲ್ಲೇ ತಾಳೆಹಣ್ಣು ಬಿದ್ದರೆ, ಕಾಗೆಯೇ ಹಣ್ಣನ್ನು ಬೀಳಿಸಿತೆಂದು ಹೇಳುವುದಕ್ಕೆ ಇನ್ನೂ ಹೆಚ್ಚಿನ ಆಧಾರ ಬೇಕು. ಹಿಂದುಮುಂದಿನ ಕಾಲಕ್ರಮ ಒಬ್ಬ ಸಾಕ್ಷಿ ಮಾತ್ರ. ಸಾಕ್ಷಿಯ ಹೇಳಿಕೆಯನ್ನು ಪಾಟೀಸವಾಲಿಗೆ ಒಳಪಡಿಸದೆ ತೀರ್ಪು ಬರೆಯುವ ನ್ಯಾಯಾಧೀಶರನ್ನು ನಾವು ಒಪ್ಪುತ್ತೇವೆಯೇ?

ಇನ್ನೂ ಒಂದು ಸೂಕ್ಷ್ಮವಿದೆ. 'ಬ್ರೇಕಿನ ಕೆಲಸ' ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದು ವಾಸ್ತವವಾಗಿ ಹತ್ತಾರು ಕೆಲಸಗಳ ಸರಣಿ. ಕಾರನ್ನು ಜ್ಯಾಕಿನ ಮೇಲೆತ್ತಬೇಕು, ನಟ್ಟುಗಳನ್ನು ಬಿಚ್ಚಿ ಚಕ್ರವನ್ನು ಹೊರತೆಗೆಯಬೇಕು, ಕ್ಯಾಲಿಪರ್ ಕಳಚಬೇಕು, ಅದರ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು, ಹಳೆಯ ಪ್ಯಾಡ್ ತೆಗೆದು ಹೊಸದನ್ನು ಕೂರಿಸಬೇಕು, ಮತ್ತೆ ಎಲ್ಲವನ್ನೂ ಯಥಾಸ್ಥಾನದಲ್ಲಿ ಜೋಡಿಸಬೇಕು. ಕೆಲವೊಮ್ಮೆ, ಹೇಗೂ ಚಕ್ರ ಬಿಚ್ಚಿದ್ದೇವಲ್ಲ ಎಂದು ಹಿಂದಿನ ಚಕ್ರಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕುತ್ತಾರೆ. ಆದ್ದರಿಂದ ದೋಷ ಆ ಕೆಲಸದಿಂದಲೇ ಬಂದಿದ್ದರೂ ಬ್ರೇಕಿಗೂ ಅದಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ಹಾಗಾದರೆ ಆ ಹತ್ತಾರರಲ್ಲಿ ಯಾವುದು ಕಾರಣವೆಂದು ತಿಳಿಯುವುದು ಹೇಗೆ?

ಇದಕ್ಕೂ ನಮ್ಮ ತರ್ಕಶಾಸ್ತ್ರದಲ್ಲಿ ದಾರಿಯಿದೆ. ಕಾರಣವಿದ್ದಾಗ ಕಾರ್ಯವೂ ಇದೆಯೇ ಎಂದು ನೋಡುವುದು ಅನ್ವಯ. ಕಾರಣವನ್ನು ತೆಗೆದಾಗ ಕಾರ್ಯವೂ ಇಲ್ಲವಾಗುತ್ತದೆಯೇ ಎಂದು ನೋಡುವುದು ವ್ಯತಿರೇಕ. ಗ್ಯಾರೇಜಿನ ಭಾಷೆಗೆ ಇದನ್ನು ಇಳಿಸಿದರೆ ಮೊಟ್ಟಮೊದಲ ಪ್ರಶ್ನೆ ಹೀಗಾಗುತ್ತದೆ: ಬ್ರೇಕ್ ಒತ್ತಿದಾಗ ಮಾತ್ರ ಕಾರು ನಡುಗುತ್ತದೆಯೋ, ಪೆಡಲಿನ ಮೇಲೆ ಕಾಲೇ ಇಡದಿದ್ದಾಗಲೂ ನಡುಗುತ್ತದೆಯೋ? ಈ ಒಂದು ಪ್ರಶ್ನೆಗೆ ಕಾಸಿನ ಖರ್ಚಿಲ್ಲ. ಆದರೂ ಇದನ್ನು ಕೇಳದೆಯೇ ಸಾವಿರಾರು ರೂಪಾಯಿಯ ಡಿಸ್ಕುಗಳು ಬದಲಾಗುತ್ತಿವೆ.

ಒತ್ತಿದಾಗ ಮಾತ್ರ ನಡುಕವಿದ್ದು, ಪೆಡಲಿನಲ್ಲೂ ಮಿಡಿತ ತಿಳಿಯುತ್ತಿದ್ದರೆ ಸಂದೇಹ ಡಿಸ್ಕಿನ ಮೇಲೆ ಅಥವಾ ಡ್ರಮ್ಮಿನ ಮೇಲೆ ಹೋಗುವುದು ನ್ಯಾಯವೇ. (ಎಬಿಎಸ್ ಇರುವ ಕಾರಿನಲ್ಲಿ ಬಲವಾಗಿ ಬ್ರೇಕ್ ಒತ್ತಿದಾಗ ಪೆಡಲ್ ದಡದಡನೆ ಮಿಡಿಯುವುದು ಸಹಜ, ಅದನ್ನು ರೋಗವೆಂದು ಭಾವಿಸಬಾರದು.) ಆಗ ಎಲ್ಲರೂ ಹೇಳುವ ಮಾತು 'ಡಿಸ್ಕ್ ಬೆಂಡಾಗಿದೆ' ಎಂಬುದು. ಬಹುಪಾಲು ಸಂದರ್ಭಗಳಲ್ಲಿ ಡಿಸ್ಕ್ ಬಾಗಿರುವುದಿಲ್ಲ, ಅದರ ದಪ್ಪದಲ್ಲಿ ಏರುಪೇರಾಗಿರುತ್ತದೆ. ನೋಟುಪುಸ್ತಕದ ಒಂದು ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅದರ ಐದನೇ ಒಂದು ಭಾಗದಷ್ಟು ವ್ಯತ್ಯಾಸ ಡಿಸ್ಕಿನ ದಪ್ಪದಲ್ಲಿದ್ದರೂ ಕಾಲಿಗೆ ತಿಳಿಯಬಹುದು. ಹೊಸ ಪ್ಯಾಡುಗಳನ್ನು ಹದವಾಗಿ ಪಳಗಿಸದೆ ಮೊದಲ ದಿನವೇ ಜೋರಾಗಿ ಬ್ರೇಕ್ ಹಾಕಿ, ಕಾದ ಡಿಸ್ಕನ್ನು ಪ್ಯಾಡು ಕಚ್ಚಿಕೊಂಡಂತೆಯೇ ನಿಂತರೆ ಪ್ಯಾಡಿನ ವಸ್ತು ಅಲ್ಲೊಂದು ಇಲ್ಲೊಂದು ಕಡೆ ಅಂಟಿಕೊಂಡು ಇಂಥ ಏರುಪೇರು ಉಂಟಾಗುತ್ತದೆ. ಹೊಸ ಡಿಸ್ಕ್ ಹಾಕುವಾಗ ಹಬ್‌ನ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದಿದ್ದರೂ ಅದೇ ಗತಿ. ತುಕ್ಕಿನ ಒಂದು ಚಕ್ಕೆ ಡಿಸ್ಕನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸುತ್ತದೆ. ಅಂಚಿಗೆ ಹೋಗುವಷ್ಟರಲ್ಲಿ ಆ ಓರೆ ಇನ್ನೂ ಹೆಚ್ಚುತ್ತದೆ. ಓರೆಯಾದ ಡಿಸ್ಕ್ ಸುತ್ತುಸುತ್ತಿಗೂ ಪ್ಯಾಡಿಗೆ ತಗುಲಿ ಒಂದೇ ಕಡೆ ಸವೆಯುತ್ತ ಹೋಗಿ, ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ನಡುಕವಾಗಿ ಪ್ರಕಟವಾಗುತ್ತದೆ. ಎಂದರೆ, ನಡುಕ ಮೊದಲ ದಿನವೇ ಬಂತೋ ಆರು ತಿಂಗಳ ಮೇಲೆ ಬಂತೋ ಎಂಬುದೂ ಒಂದು ಸುಳಿವೇ.

ಬ್ರೇಕ್ ಮುಟ್ಟದಿದ್ದರೂ, ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ನಡುಗುವ ಕಾರಿನ ಕಥೆಯೇ ಬೇರೆ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಕ್ರದ ಸಮತೋಲವನ್ನು. ನನ್ನ ಹಳೆಯ ವಿದ್ಯಾರ್ಥಿಗಳು ಒಂದು ನಿಮಿಷ ಕಾಗದ ಪೆನ್ನು ತೆಗೆದುಕೊಳ್ಳಿ! ಸಾಧಾರಣ ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ ಹದಿನಾಲ್ಕೂವರೆ ಸುತ್ತು ತಿರುಗುತ್ತದೆ. ಕೇಂದ್ರದಿಂದ 18 ಸೆಂಟಿಮೀಟರ್ ದೂರದಲ್ಲಿ, ರಿಮ್ಮಿನ ಅಂಚಿನಲ್ಲಿ, ಕೇವಲ 30 ಗ್ರಾಂ ತೂಕದ ಕೊರತೆ ಇದೆಯೆಂದುಕೊಳ್ಳಿ. ಆ ವೇಗದಲ್ಲಿ ಅದು ಹುಟ್ಟಿಸುವ ಬಲ ಸುಮಾರು 45 ನ್ಯೂಟನ್, ಅಂದರೆ ನಾಲ್ಕೂವರೆ ಕಿಲೋ ತೂಕದಷ್ಟು. ಆ ತೂಕದ ಸುತ್ತಿಗೆಯೊಂದು ಸೆಕೆಂಡಿಗೆ ಹದಿನಾಲ್ಕು ಸಲ ಚಕ್ರವನ್ನು ಅತ್ತಿತ್ತ ಎಳೆದಾಡಿದಂತೆ. ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 50 ಕಿಲೋಮೀಟರ್ ವೇಗದಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಸುಮ್ಮನಿದ್ದ ಕಾರು ಹೆದ್ದಾರಿಯಲ್ಲಿ ನಡುಗುವುದು ಇದರಿಂದಲೇ.

ಇದರ ಜೊತೆಗೆ ಅನುರಣನೆಯೂ ಸೇರಿಕೊಳ್ಳುತ್ತದೆ. ಪಂಚಮಿಯ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಜೋಕಾಲಿಗೆ ತನ್ನದೇ ಆದ ಒಂದು ಲಯವಿದೆ. ಆ ಲಯ ಹಿಡಿದು ನೂಕಿದರೆ ಮಗುವಿನ ಕೈಯ ಬಲವೂ ದೊಡ್ಡವರನ್ನು ಮುಗಿಲಿಗೇರಿಸುತ್ತದೆ. ಸ್ಪ್ರಿಂಗು ಮತ್ತು ಟಯರಿನ ನಡುವೆ ಜೋಲಾಡುವ ಚಕ್ರಕ್ಕೂ ಅಂಥ ಸಹಜ ಲಯವಿದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ 10ರಿಂದ 15 ಆವರ್ತಗಳ ಆಸುಪಾಸಿನದು. ಚಕ್ರದ ಸುತ್ತುಗಳ ಸಂಖ್ಯೆ ಅದಕ್ಕೆ ಸಮೀಪಿಸಿದಾಗ ನಡುಕ ಉಲ್ಬಣಿಸುತ್ತದೆ. ದಾಟಿ ಮುಂದೆ ಹೋದರೆ ಕೆಲವೊಮ್ಮೆ ಇಳಿಯುವುದೂ ಉಂಟು. "85ಕ್ಕೆ ಶುರುವಾಗಿ 105 ದಾಟಿದರೆ ಕಡಿಮೆಯಾಗುತ್ತದೆ" ಎಂದು ಯಾರಾದರೂ ಹೇಳಿದರೆ ಅವರು ತಮಗರಿವಿಲ್ಲದೆಯೇ ಅರ್ಧ ರೋಗನಿದಾನವನ್ನು ಮಾಡಿ ಮುಗಿಸಿರುತ್ತಾರೆ.

ಎರಡನೆಯ ಪ್ರಶ್ನೆ, ನಡುಕ ಎಲ್ಲಿ ತಿಳಿಯುತ್ತದೆ ಎಂಬುದು. ಸ್ಟೇರಿಂಗ್ ಹಿಡಿದ ಕೈಗೆ ತಿಳಿದರೆ ಮುಂದಿನ ಚಕ್ರಗಳನ್ನೂ, ಸೀಟಿನಲ್ಲಿ ಕುಳಿತ ಮೈಗೆ ತಿಳಿದರೆ ಹಿಂದಿನ ಚಕ್ರಗಳನ್ನೂ ಮೊದಲು ನೋಡಬೇಕು. ಇದು ಶಾಸನವಲ್ಲ, ಆದರೆ ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದಕ್ಕೆ ಒಳ್ಳೆಯ ದಿಕ್ಸೂಚಿ. ಮೂರನೆಯದಾಗಿ, ಅದೇ ವೇಗದಲ್ಲಿ ಹೋಗುತ್ತಿರುವಾಗ ಕ್ಲಚ್ ಒತ್ತಿದರೆ ಎಂಜಿನ್ನಿನ ಸುತ್ತು ಇಳಿಯುತ್ತದೆ. ನಡುಕ ಇಳಿಯದಿದ್ದರೆ ಎಂಜಿನ್ ನಿರಪರಾಧಿ. ನಾಲ್ಕನೆಯದಾಗಿ, ಒಂದಷ್ಟು ದೂರ ಹೋಗಿ ನಿಲ್ಲಿಸಿದಾಗ ಯಾವುದಾದರೂ ಒಂದು ಚಕ್ರದ ಬಳಿ ಮಾತ್ರ ಹೆಚ್ಚು ಕಾವು ಬರುತ್ತಿದೆಯೇ ಎಂದು ಡಿಸ್ಕನ್ನು ಮುಟ್ಟದೆ, ದೂರದಿಂದ ಅಂಗೈ ಹಿಡಿದು ನೋಡಬೇಕು. ಕ್ಯಾಲಿಪರಿನ ಪಿನ್ನು ಬಿಗಿದುಕೊಂಡೋ ಪಿಸ್ಟನ್ ಹಿಂದೆ ಸರಿಯದೆಯೋ ಬ್ರೇಕ್ ಹಿಡಿದೇ ಇದ್ದರೆ, ಪೆಡಲ್ ಮುಟ್ಟದಿದ್ದರೂ ಕಾರು ನಡುಗಬಹುದು. ಬ್ರೇಕ್ ಒತ್ತದಿದ್ದಾಗ ಬ್ರೇಕಿಗೆ ಸಂಬಂಧವಿಲ್ಲ ಎಂಬ ನಿಯಮಕ್ಕೆ ಇದು ಮುಖ್ಯ ಅಪವಾದ. ಕಾವು, ಸುಟ್ಟ ವಾಸನೆ, ಒಂದು ಪಕ್ಕಕ್ಕೆ ಎಳೆಯುವುದು ಇದರ ಲಕ್ಷಣಗಳು.

ಇಲ್ಲಿ ಒಂದು ಗೊಂದಲವನ್ನೂ ನಿವಾರಿಸಬೇಕು. ಕಾರು ನಡುಗಿದರೆ 'ಅಲೈನ್‌ಮೆಂಟ್ ಮಾಡಿಸಿ' ಎನ್ನುವವರು ಬಹಳ. ಅಲೈನ್‌ಮೆಂಟ್ ಎಂಬುದು ಚಕ್ರಗಳ ಕೋನಕ್ಕೆ ಸಂಬಂಧಿಸಿದ್ದು. ಅದು ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಬ್ಯಾಲೆನ್ಸಿಂಗ್ ಎಂಬುದು ಚಕ್ರದ ಸುತ್ತ ತೂಕ ಸಮನಾಗಿ ಹಂಚಿಹೋಗಿದೆಯೇ ಎಂಬುದಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ಬಿಲ್ಲಿನಲ್ಲಿ ಮಾಡುವುದರಿಂದ ನಮ್ಮ ಮನಸ್ಸಿನಲ್ಲಿ ಅವು ಒಂದಾಗಿಬಿಟ್ಟಿವೆ.

ಅಳಿಯನ ಕಾರಿಗೆ ಮರಳೋಣ. ಯುಗಾದಿಗೆ ಅವನು ಮತ್ತೆ ದಾವಣಗೆರೆಗೆ ಬಂದಾಗ, ಹೆದ್ದಾರಿಯ ಪಕ್ಕದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಕರೆದೊಯ್ದೆ. ಹತ್ತನೆಯ ತರಗತಿಯಲ್ಲಿ ಅವನು ವಿಜ್ಞಾನದಲ್ಲಿ ಕಷ್ಟಪಟ್ಟು ತೇರ್ಗಡೆಯಾದವನು. "ಸಾರ್, ಗಾಡಿ ಆಮೇಲೆ ಬಿಚ್ಚೋಣ, ಮೊದಲು ನಾಲ್ಕು ಮಾತು ಕೇಳ್ತೀನಿ" ಎಂದು ಅಳಿಯನನ್ನು ಕೂರಿಸಿಕೊಂಡು ಮೇಲೆ ಹೇಳಿದ ಪ್ರಶ್ನೆಗಳನ್ನೇ ತನ್ನ ಮಾತಿನಲ್ಲಿ ಕೇಳಿದ. ಬ್ರೇಕ್ ಒತ್ತಿದರೆ ಜಾಸ್ತಿಯಾಗುತ್ತದೆಯೇ? ಇಲ್ಲ. ಕೈಗೋ ಸೀಟಿಗೋ? ಕೈಗೆ. ಎಷ್ಟು ಸ್ಪೀಡಿನಿಂದ ಎಷ್ಟರ ತನಕ? 85ರಿಂದ 105. ಟಯರು ಹಿಂದೆಮುಂದೆ ಮಾಡಿದ್ದಾರೆಯೇ? ಇದಕ್ಕೆ ಅಳಿಯನಲ್ಲಿ ಉತ್ತರವಿರಲಿಲ್ಲ. ಫೋನಿನಲ್ಲಿದ್ದ ಮೊದಲ ಬಿಲ್ಲನ್ನು ತೆರೆದು ನೋಡಿದರೆ, ಪ್ಯಾಡಿನ ಕೆಳಗಿನ ಸಾಲಿನಲ್ಲಿ 'ಟಯರ್ ರೊಟೇಶನ್' ಎಂದಿತ್ತು.

ಅವನು ಮುಂದಿನ ಎರಡು ಚಕ್ರಗಳನ್ನು ಬಿಚ್ಚಿ ತಿರುಗಿಸಿ ತೋರಿಸಿದ. ಎಡಗಡೆಯ ರಿಮ್ಮಿನ ಒಳಮೈಯಲ್ಲಿ ಧೂಳು, ಬ್ರೇಕಿನ ಮಸಿ ಮೆತ್ತಿಕೊಂಡಿದ್ದ ನಡುವೆ ಬೆರಳುದ್ದದ ಒಂದು ಆಯತ ಮಾತ್ರ ಸ್ವಚ್ಛವಾಗಿ ಹೊಳೆಯುತ್ತಿತ್ತು. ಸಮತೋಲಕ್ಕೆಂದು ಅಂಟಿಸಿದ್ದ ತೂಕದ ಪಟ್ಟಿ ಬಿದ್ದುಹೋದ ಜಾಗ ಅದು. ಬ್ಯಾಲೆನ್ಸಿಂಗ್ ಯಂತ್ರ ಅಲ್ಲಿ 35 ಗ್ರಾಂ ಕೊರತೆಯನ್ನು ತೋರಿಸಿತು. ಪಟ್ಟಿ ಕಳಚಿಬಿದ್ದದ್ದು ಚಕ್ರಗಳನ್ನು ಎತ್ತಿಳಿಸುವಾಗಲೇ ಇರಲಿ, ಅದಕ್ಕೂ ಮೊದಲು ಆ ಚಕ್ರ ಹಿಂಭಾಗದಲ್ಲಿದ್ದು ಅದರ ನಡುಕ ಯಾರ ಗಮನಕ್ಕೂ ಬಾರದೆ ಹೋಗಿದ್ದಿರಲಿ, ಒಂದು ಸಂಗತಿಯಂತೂ ನಿಶ್ಚಿತ: ಡಿಸ್ಕಿಗೂ ಪ್ಯಾಡಿಗೂ ಇದರಲ್ಲಿ ಪಾತ್ರವಿರಲಿಲ್ಲ. ಹೊಸ ತೂಕ ಅಂಟಿಸಿ ಚಿತ್ರದುರ್ಗದ ದಿಕ್ಕಿಗೆ ಹತ್ತು ಕಿಲೋಮೀಟರ್ ಹೋಗಿ ಬಂದೆವು. ಸ್ಟೇರಿಂಗ್ ಸುಮ್ಮನಿತ್ತು. ಖರ್ಚು ನೂರರ ಲೆಕ್ಕದಲ್ಲಿ ಮುಗಿಯಿತು.

ಆದರೆ ನನ್ನ ವಿದ್ಯಾರ್ಥಿಯ ಮುಖ ಗಂಭೀರವಾದದ್ದು ಬೇರೊಂದು ಕಾರಣಕ್ಕೆ. ಚಕ್ರ ಬಿಚ್ಚುವಾಗ ಒಂದು ನಟ್ಟು ಕಾಲಿನಿಂದ ಪಾನಾ ತುಳಿದರೂ ಜಗ್ಗಲಿಲ್ಲ. ಅದರ ಪಕ್ಕದ್ದು ಒಂದೇ ಕೈಗೆ ತಿರುಗಿ ಬಂತು. ಗಾಳಿಯ ಗನ್ನಿನಿಂದ ಮನಬಂದಂತೆ ಬಿಗಿದು, ಕೊನೆಗೆ ಯಾರೂ ಪರೀಕ್ಷಿಸದೆ ಕಳುಹಿಸಿದ್ದರ ಫಲ ಅದು. ಸಣ್ಣ ಕಾರುಗಳ ನಟ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 100 ನ್ಯೂಟನ್ ಮೀಟರಿನ ಆಸುಪಾಸು. ನಿಖರ ಸಂಖ್ಯೆ ಕಾರಿನ ಕೈಪಿಡಿಯಲ್ಲಿರುತ್ತದೆ. ಅರ್ಧ ಮೀಟರ್ ಉದ್ದದ ಹಿಡಿಯ ತುದಿಗೆ ಇಪ್ಪತ್ತು ಕಿಲೋ ತೂಕ ಹಾಕಿದರೆ ಎಷ್ಟೋ ಅಷ್ಟು. ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಹಂತಹಂತವಾಗಿ ಬಿಗಿಯಬೇಕು, ಅಳತೆಯ ಟಾರ್ಕ್ ರೆಂಚಿನಿಂದ ಮುಗಿಸಬೇಕು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಸಡಿಲವಾದ ನಟ್ಟು ದಿನದಿಂದ ದಿನಕ್ಕೆ ಇನ್ನಷ್ಟು ಸಡಿಲವಾಗಿ ಕೊನೆಗೆ ಚಕ್ರವೇ ಕಳಚಿಕೊಳ್ಳಬಹುದು.

ಈಗ ಒಟ್ಟು ಲೆಕ್ಕವನ್ನು ನೋಡಿ. ಗಲಾಟೆಯಾದದ್ದು ಡಿಸ್ಕಿನ ಬಗ್ಗೆ, ಅದರಲ್ಲಿ ದೋಷವಿರಲಿಲ್ಲ. ಸಂಬಳ ಮುರಿದದ್ದು ಪ್ಯಾಡ್ ಹಾಕಿದ ಹುಡುಗನದು. ಅವನು ಪ್ಯಾಡುಗಳನ್ನು ಸರಿಯಾಗಿಯೇ ಕೂರಿಸಿದ್ದ. ಜೀವಕ್ಕೆ ಎರವಾಗಬಹುದಾಗಿದ್ದ ಸಡಿಲ ನಟ್ಟಿನ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ, ಎರಡು ಸಲ ಕಾರು ಅದೇ ವರ್ಕ್‌ಶಾಪಿಗೆ ಹೋಗಿ ಬಂದಿದ್ದರೂ! ಅಳಿಯ ಬೆಂಗಳೂರಿಗೆ ಮರಳಿ, ನನ್ನ ಒತ್ತಾಯಕ್ಕೆ ಮಾಲೀಕರಲ್ಲಿಗೆ ಹೋಗಿ ನಡೆದದ್ದನ್ನು ತಿಳಿಸಿದ. ಆ ಹುಡುಗ ಅಷ್ಟರೊಳಗೆ ಕೆಲಸ ಬಿಟ್ಟು ಊರಿಗೆ ಹೋಗಿದ್ದನಂತೆ. ಗಾದೆಯ ಎಮ್ಮೆಗೂ ಒಂದು ಮನೆ, ಒಂದು ಹೊಟ್ಟೆ ಇರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಇದಕ್ಕೆಲ್ಲ ವರ್ಕ್‌ಶಾಪಿನವರನ್ನೇ ದೂರಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿತವಲ್ಲ. ನಮ್ಮ ಕಡೆಯ ಹೊಣೆಯೂ ಇದೆ. ಮೆಕ್ಯಾನಿಕ್ ಒಂದು ಗಂಟೆ ಕಾರನ್ನು ಓಡಿಸಿ, ಕೇಳಿ, ಮುಟ್ಟಿ, ಕೊನೆಗೆ ಒಂದು ತೂಕದ ಪಟ್ಟಿ ಅಂಟಿಸಿಕೊಟ್ಟರೆ ನಾವು ಕೊಡುವುದು ಆ ಪಟ್ಟಿಯ ಬೆಲೆಯನ್ನು ಮಾತ್ರ. "ಬರೀ ನೋಡಿದ್ದಕ್ಕೆ ದುಡ್ಡಾ?" ಎಂದು ಕೇಳುವುದಕ್ಕೆ ನಮಗೆ ಸಂಕೋಚವಿಲ್ಲ. ಅದೇ ಎರಡು ಡಿಸ್ಕ್ ಬದಲಾಯಿಸಿ ಹಳೆಯದನ್ನು ಡಿಕ್ಕಿಯಲ್ಲಿಟ್ಟು ಕೊಟ್ಟರೆ ಮರುಮಾತಿಲ್ಲದೆ ಸಾವಿರಗಳನ್ನು ಎಣಿಸಿಕೊಡುತ್ತೇವೆ. ಯೋಚನೆಗೆ ಬೆಲೆ ಕೊಡದವರಿಗೆ ಯೋಚಿಸುವ ಮೆಕ್ಯಾನಿಕ್ ಸಿಗುವುದಾದರೂ ಹೇಗೆ? ಬಿಡಿಭಾಗ ಮಾರಿದರೆ ಮಾತ್ರ ಹೊಟ್ಟೆ ತುಂಬುವುದಾದರೆ ಬಿಡಿಭಾಗವೇ ಬದಲಾಗುತ್ತದೆ. ಕಾಯಿಲೆ ಕಂಡುಹಿಡಿದ ವೈದ್ಯರಿಗೆ ಮಾತ್ರೆಯ ಬೆಲೆಯನ್ನಷ್ಟೇ ಕೊಟ್ಟು ಬರುವವರನ್ನು ನಾನು ಕಂಡಿಲ್ಲ. ಗ್ಯಾರೇಜಿನಲ್ಲಿ ಮಾತ್ರ ಅದನ್ನು ಧಾರಾಳವಾಗಿ ಮಾಡುತ್ತೇವೆ.

ಬ್ರೇಕೆಂದರೆ ಪ್ರಾಣದ ವಿಷಯ, ಅನುಮಾನ ಬಂದರೆ ಬದಲಾಯಿಸಿಬಿಡುವುದೇ ಕ್ಷೇಮವಲ್ಲವೇ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಕ್ಷಣಗಳು ಬ್ರೇಕಿನತ್ತ ಬೆರಳು ಮಾಡುತ್ತಿದ್ದರೆ ಖಂಡಿತ ಬದಲಾಯಿಸಿ. ನಡುಕ ಗಂಟೆಗಂಟೆಗೂ ಹೆಚ್ಚುತ್ತಿದ್ದರೆ, ಚಕ್ರದಲ್ಲಿ ಟಕಟಕ ಸದ್ದಿದ್ದರೆ, ನಿಧಾನ ವೇಗದಲ್ಲೂ ಅದುರುತ್ತಿದ್ದರೆ, ಪೆಡಲ್ ಮೆತ್ತಗಾಗಿದ್ದರೆ, ಟಯರಿನ ಮೈಯಲ್ಲಿ ಉಬ್ಬು ಕಂಡರೆ, ಯಾವ ಪರೀಕ್ಷೆಯೂ ಬೇಡ. ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ನಟ್ಟುಗಳನ್ನು ನೋಡಿ, ನೆರವು ಕರೆಯಿರಿ. ಆದರೆ ಕಾರಣ ತಿಳಿಯದೆ ಬದಲಾಯಿಸುವುದರಿಂದ ಕ್ಷೇಮ ಹೆಚ್ಚುತ್ತದೆ ಎಂಬುದನ್ನು ಒಪ್ಪಲಾರೆ. ಹೊಸ ಡಿಸ್ಕ್ ಹಾಕಿಸಿದೆನೆಂಬ ಸಮಾಧಾನದಲ್ಲಿ ಅಳಿಯ ಸಡಿಲ ನಟ್ಟಿನೊಂದಿಗೆ ತನ್ನ ಮಗಳನ್ನು ಕೂರಿಸಿಕೊಂಡು ಹೆದ್ದಾರಿಗಿಳಿದಿದ್ದ. ಅವನ ಸಮಾಧಾನ ನಟ್ಟನ್ನು ಬಿಗಿ ಮಾಡಲಿಲ್ಲ.

ಈ ವಿಷಯ ಇಂದು ಹಿಂದಿಗಿಂತ ಮುಖ್ಯವಾಗಿರುವುದಕ್ಕೆ ನಮ್ಮ ರಸ್ತೆಗಳೂ ಕಾರಣ. ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳ ರಸ್ತೆಯನ್ನು ನಾವು ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿ ಎಂದು ಕರೆಯುತ್ತಿದ್ದ ಕಾಲದಲ್ಲಿ ಕಾರು ಅರವತ್ತರ ಮೇಲೆ ಓಡುವುದೇ ಅಪರೂಪವಾಗಿತ್ತು. ಓಡಿದರೂ ಗುಂಡಿಗಳ ಕುಲುಕಾಟದಲ್ಲಿ ಚಕ್ರದ ನಡುಕ ಯಾರಿಗೆ ತಿಳಿಯಬೇಕು? ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಅದು ಅಗಲವಾಯಿತು, ಸಂಖ್ಯೆ ಬದಲಾಗಿ 48 ಆಯಿತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯೂ ಉದ್ಘಾಟನೆಯಾಯಿತು. ಮೂವತ್ತು ಗ್ರಾಂ ಕೊರತೆ ಹಿಂದೆಯೂ ಇತ್ತು, ಆದರೆ ಅದು ಮಾತಾಡುವಷ್ಟು ವೇಗ ಇರಲಿಲ್ಲ. ರಸ್ತೆ ನುಣುಪಾದಷ್ಟೂ ಕೈಕೆಲಸದ ಅಚ್ಚುಕಟ್ಟುತನ ಹೆಚ್ಚಬೇಕು.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಎರಡು ವಿನಂತಿಗಳು. ಕಾರು ಇಟ್ಟುಕೊಂಡಿರುವವರು ಗ್ಯಾರೇಜಿಗೆ ಹೋಗುವಾಗ ರೋಗದ ಹೆಸರನ್ನು ಕೊಂಡೊಯ್ಯಬೇಡಿ, ಲಕ್ಷಣಗಳನ್ನು ಕೊಂಡೊಯ್ಯಿರಿ. ಎಷ್ಟು ವೇಗದಲ್ಲಿ, ಕೈಗೋ ಸೀಟಿಗೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಯಾವ ದಿನದಿಂದ, ಅದಕ್ಕೆ ಮುಂಚೆ ಏನೇನು ಬಿಚ್ಚಿದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓಡಿಸುವವರು ಬರೆಯುವುದು ಬೇಡ, ಪಕ್ಕದಲ್ಲಿ ಕುಳಿತವರು ಬರೆಯಲಿ. ಹಳೆಯ ಬಿಲ್ಲನ್ನು ಜೊತೆಯಲ್ಲಿಟ್ಟುಕೊಳ್ಳಿ. ಕಾರಣ ಹುಡುಕಿದ ಹೊತ್ತಿಗೆ ಪ್ರತ್ಯೇಕವಾಗಿ ಹಣ ಕೊಡಿ, ಬಿಡಿಭಾಗ ಒಂದೂ ಬದಲಾಗದಿದ್ದರೂ ಕೊಡಿ. ಗ್ಯಾರೇಜು ನಡೆಸುತ್ತಿರುವವರು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಓಡಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯುವುದಿಲ್ಲ, ನಿಮ್ಮ ಕೈಕೆಳಗಿನ ಹುಡುಗರಿಗೂ ತಿಳಿಯುವುದಿಲ್ಲ. ಕಾರಣ ಕೈಗೆ ಸಿಗುವ ತನಕ ಆ ಹುಡುಗರ ಸಂಬಳಕ್ಕೆ ಕೈಹಾಕಬೇಡಿ. ಒಂದು ಟಾರ್ಕ್ ರೆಂಚನ್ನು ಕೊಂಡು, ಅದನ್ನು ಬಳಸುವುದನ್ನು ಅವರಿಗೆ ಕಲಿಸಿ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತರಗತಿಯಲ್ಲಿ ನಾನು ಅದನ್ನು ಪ್ರಯೋಗದ ಪಾಠಕ್ಕೆ ಪೀಠಿಕೆಯಾಗಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಸಾಧ್ಯವಾದರೆ ಈ ವಾರ ನಿಮ್ಮ ಕಾರಿನ ಚಕ್ರದ ನಟ್ಟುಗಳನ್ನು ಒಮ್ಮೆ ಪರೀಕ್ಷಿಸಿ. ನಿಮಗೂ ಇಂಥ ಅನುಭವವಾಗಿದ್ದರೆ ಬರೆದು ತಿಳಿಸಿ, ಓದಲು ಕಾದಿರುತ್ತೇನೆ.